ಐದು ಸಾವಿರದೊಳಗಿನ ಕಳವು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ವಕೀಲಳಲ್ಲ, ಕಥೆ ಬರೆಯುವವಳೂ ಅಲ್ಲ. ಹುಮನಾಬಾದಿನಲ್ಲಿ ಕೋರ್ಟಿನ ಎದುರು ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತೇನೆ. ಹತ್ತೊಂಬತ್ತು ವರ್ಷದಿಂದ ಬೇರೆಯವರ ಮಾತನ್ನೇ ಟೈಪ್ ಮಾಡಿದವಳು ನನ್ನದನ್ನು ಬರೆಯಲು ಕೂತರೆ ಪ್ರತಿ ಸಾಲಿನ ಕೊನೆಗೂ ‘ಎಂದು ಪ್ರಮಾಣ ಮಾಡಿ ಹೇಳುತ್ತೇನೆ’ ಎಂದು ಸೇರಿಸಬೇಕೆನಿಸುತ್ತದೆ. ಅಲ್ಲದೆ ಇದು ನನ್ನ ಕಥೆಯೂ ಅಲ್ಲ, ಅಜೀತನದು. ಅವನು ಹೇಳಿಲ್ಲ, ಹೇಳುವ ಹಾಗೂ ಕಾಣುವುದಿಲ್ಲ. ನಾನು ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ, ಮತ್ತು ನನಗೆ ಭಯವಾಗಿದ್ದು ಅದೇ. ಇಷ್ಟು ಮಾತ್ರ ಮೊದಲಿಗೇ ಹೇಳಬೇಕು: ಕೋರ್ಟಿನವರದಾಗಲಿ, ಕಚೇರಿಯವರದಾಗಲಿ ಇದರಲ್ಲಿ ತಪ್ಪಿಲ್ಲ. ಅವರವರ ಕೆಲಸ ಅವರು ಮಾಡಿದರು. ನನ್ನದಲ್ಲದ ಕೆಲಸ ಮಾಡಿದವಳು ನಾನು.

ಮನೆ ಬಸವಕಲ್ಯಾಣದಲ್ಲಿ. ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತೇನೆ. ಬಿ.ಎ. ಮಾಡಿದ್ದು ಮೂವತ್ತು ದಾಟಿದ ಮೇಲೆ, ಸಂಜೆ ಕಾಲೇಜಿನಲ್ಲಿ. ದಿನವೆಲ್ಲ ಟೈಪ್ ಮಾಡಿ ಸೆಳೆಯುತ್ತಿದ್ದ ಬೆರಳಲ್ಲೇ ನೋಟ್ಸ್ ಬರೆಯುತ್ತಿದ್ದೆ. ಇತಿಹಾಸದಲ್ಲಿ ಒಂದು ಪತ್ರಿಕೆ ಆಧುನಿಕ ಬ್ರಿಟನ್ನಿನದು. ಅದರಲ್ಲಿ ಅಪರಾಧ, ಪೊಲೀಸು, ಶಿಕ್ಷೆ ಹೇಗೆ ಬದಲಾದವು ಎಂಬ ಒಂದು ಘಟಕವಿತ್ತು. ಉಳಿದದ್ದೆಲ್ಲ ಮರೆತುಹೋಗಿದೆ, ಅದೊಂದು ಮರೆತಿಲ್ಲ. ಕೋರ್ಟಿನ ಬಾಗಿಲಲ್ಲೇ ಕೂತವಳಿಗೆ ಅದು ಸುಲಭವಾಗಿ ನೆನಪುಳಿದಿರಬೇಕು.

ಒಂದು ಕಾಲಕ್ಕೆ ಲಂಡನ್ನಿನಲ್ಲಿ ಅಂಗಡಿಯಿಂದ ಐದು ಶಿಲ್ಲಿಂಗಿನ ಮಾಲು ಕದ್ದರೆ ನೇಣು. ತೀರ್ಪು ಹೇಳಲು ಕೂತ ಊರ ಜನ ಕದ್ದವಳ ಮುಖ ನೋಡಿ ಮರುಗಿ, ಮಾಲಿನ ಬೆಲೆ ನಾಲ್ಕು ಶಿಲ್ಲಿಂಗು ಹತ್ತು ಪೆನ್ನಿ ಎಂದುಬಿಡುತ್ತಿದ್ದರಂತೆ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗು. ಎರಡು ಪೆನ್ನಿ ಕಡಿಮೆ ಹೇಳಿದರೆ ಒಂದು ಜೀವ ಉಳಿಯುತ್ತಿತ್ತು. ಇದನ್ನು ಓದಿದ ದಿನ ಬಸ್ಸಿನಲ್ಲಿ ಕೂತು ನನಗೆ ಅಳು ಬಂದಿತ್ತು. ಆಮೇಲೆ ನೇಣು ಕಡಿಮೆಯಾಯಿತು, ಹಡಗಿನಲ್ಲಿ ಹಾಕಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಅದೂ ನಿಂತು ಜೈಲು ಬಂತು. ಜೈಲಿನಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲಿನ ಚಕ್ರವನ್ನು ದಿನವಿಡೀ ತುಳಿಯುವ ಕೆಲಸ. ಪೇಟೆಯ ನಡುವೆ ಹಲಗೆಗೆ ಕುತ್ತಿಗೆ, ಕೈ ಸಿಕ್ಕಿಸಿ ನಿಲ್ಲಿಸುತ್ತಿದ್ದರು, ಜನ ಕೊಳೆತದ್ದನ್ನು ತಂದು ಎಸೆಯುತ್ತಿದ್ದರು, ಅದನ್ನೂ ಬಿಟ್ಟರು. ನೀಲಿ ಕೋಟಿನ ಪೊಲೀಸರು ಬಂದರು. ಕೊನೆಗೆ ಸಾವಿರದ ಒಂಬೈನೂರ ಎಪ್ಪತ್ತರ ದಶಕದಲ್ಲಿ, ಸಣ್ಣ ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ ಊರಿನ ಕೆಲಸ ಮಾಡಿಸುವುದು ಶುರುವಾಯಿತು. ಮುದುಕರ ಮನೆಗೆ ಬಣ್ಣ ಬಳಿಯುವುದು, ತೋಟ ಸ್ವಚ್ಛ ಮಾಡುವುದು. ‘ಹೀಗೆ ಶಿಕ್ಷೆಯು ಕಾಲಕಾಲಕ್ಕೆ ಮನುಷ್ಯತ್ವದ ಕಡೆಗೆ ಸಾಗಿತು’ ಎಂದು ಪರೀಕ್ಷೆಯಲ್ಲಿ ಬರೆದು ಎಪ್ಪತ್ತೊಂದು ಅಂಕ ಪಡೆದೆ.

ನಮ್ಮಲ್ಲೂ ಹೊಸ ಕಾನೂನು ಬಂದು, ಅದರಲ್ಲಿ ‘ಸಮುದಾಯ ಸೇವೆ’ ಎಂಬ ಶಬ್ದ ಕಂಡಾಗ ನನಗೆ ಆದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲನೇ ಸಲದ ತಪ್ಪು, ಮಾಲು ವಾಪಸು ಬಂದಿದ್ದರೆ ಜೈಲಿಲ್ಲ, ಸಮುದಾಯ ಸೇವೆ. ವಕೀಲರೆಲ್ಲ ಕಲಮುಗಳ ನಂಬರು ಬದಲಾದವೆಂದು ಗೊಣಗುತ್ತಿದ್ದರು. ನಾನು ಆ ಪುಟವನ್ನು ಎರಡು ಪ್ರತಿ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೆ.

ಇನ್ನು ಅಜೀತ. ಅವನ ತಾಯಿ ಮುಕ್ತಾಬಾಯಿ ಪೌರಕಾರ್ಮಿಕಳು. ಕೋರ್ಟಿನ ರಸ್ತೆ ಅವಳದೇ. ಗುಡಿಸಿ ಮುಗಿಸಿ ನನ್ನ ಮೇಜಿನ ಪಕ್ಕ ಕೂತು ಚಹಾ ಕುಡಿಯುತ್ತಿದ್ದಳು. ನಾವು ಒಂದೇ ಜನ, ಒಂದೇ ಬುದ್ಧವಿಹಾರಕ್ಕೆ ಹೋಗುವವರು. ಆದರೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ, ‘ಟೈಪಿಂಗ್ ಬಾಯಿ’ ಎನ್ನುತ್ತಿದ್ದಳು. ಹದಿನೇಳು ವರ್ಷ ದಿನಗೂಲಿಯ ಮೇಲೆ ದುಡಿದು ಕಾಯಂ ಆದಳು. ಕಾಯಂ ಆದ ಆರನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಳು.

ನೌಕರಿಯಲ್ಲಿರುವಾಗಲೇ ಸತ್ತದ್ದರಿಂದ ಆ ಜಾಗ ಮಗನಿಗೆ ಸಿಗುತ್ತದೆ. ಅನುಕಂಪದ ನೌಕರಿ ಎನ್ನುತ್ತಾರೆ. ವರ್ಷದೊಳಗೆ ಅರ್ಜಿ ಹಾಕಬೇಕು. ಅರ್ಜಿ ಟೈಪ್ ಮಾಡಿದವಳು ನಾನೇ. ಅಜೀತನಿಗೆ ಇಪ್ಪತ್ತಮೂರು, ಹತ್ತನೇ ತರಗತಿ ಪಾಸು. ಮನೆಯಲ್ಲಿ ಅವನು ಮತ್ತು ಅಜ್ಜಿ ಗಯಾಬಾಯಿ ಇಬ್ಬರೇ. ನೌಕರಿ ಬರುವವರೆಗೆ ಎಂದು ಜಹೀರುದ್ದೀನ್ ಸೇಠರ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಲು ಏರಿಸುವ, ಇಳಿಸುವ ಕೆಲಸ ಮಾಡುತ್ತಿದ್ದ. ಅರ್ಜಿಯಲ್ಲಿ ‘ಕ್ರಿಮಿನಲ್ ಪ್ರಕರಣಗಳಿವೆಯೇ?’ ಎಂಬ ಅಂಕಣ ಬಂದಾಗ ಕೇಳಿದೆ.

"ಇಲ್ಲ ಅಂತ ಹಾಕ್ಲೇನು?"

"ಇನ್ನಾ ಇಲ್ಲ ಅಂತ ಹಾಕ್ರಿ ಅಕ್ಕ," ಎಂದು ನಕ್ಕ. "ಮುಂದಿಂದು ಯಾರಿಗ್ ಗೊತ್ತು?"

"ಬಾಯಿಗೆ ಬಂದಂಗ ಮಾತಾಡಬ್ಯಾಡ," ಎಂದು ಬೈದೆ. ಅವನು ಸಹಿ ಮಾಡಿದ. ಆ ನೌಕರಿ ಬಂದರೆ ಅಜ್ಜಿಯ ಕಣ್ಣಿನ ಆಪರೇಷನ್ ಆಗುತ್ತಿತ್ತು, ಬಾಡಿಗೆ ಮನೆಯ ಚಿಂತೆ ಹೋಗುತ್ತಿತ್ತು. ಆರು ತಿಂಗಳಲ್ಲಿ ಆದೇಶ ಬರಬಹುದು ಎಂದು ಕಚೇರಿಯವರು ಹೇಳಿದ್ದರು.

ನಾಲ್ಕನೇ ತಿಂಗಳಿಗೆ ಅಜ್ಜಿ, ಮೊಮ್ಮಗ ಇಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಂತರು. ಗಯಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಟೈಪಿಂಗ್ ಬಾಯಿ, ಹುಡುಗನ ಹೆಸರು ಠಾಣಾಕ್ಕ ಹೋಗ್ಯದ," ಎಂದಳು.

ಸೇಠರ ಅಂಗಡಿಯಿಂದ ನೀರೆತ್ತುವ ಸಣ್ಣ ಮೋಟರೊಂದು ಕಾಣೆಯಾಗಿತ್ತು. ಎರಡು ದಿನದ ಮೇಲೆ ಸೇಠರ ಅಣ್ಣನ ಮಗ ವಸೀಮ್ ಅಜೀತನ ಮನೆಗೆ ಬಂದು ನೋಡಿದರೆ, ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟ ಮೋಟರು ಸಿಕ್ಕಿತ್ತು. ವಸೀಮ್ ನೇರವಾಗಿ ಠಾಣೆಗೆ ಹೋಗಿ ದೂರು ಕೊಟ್ಟಿದ್ದ.

"ಅಕ್ಕ, ಅದು ಹ್ಯಾಂಗಾತಂದ್ರ," ಎಂದು ಅಜೀತ ಶುರು ಮಾಡಿದ. "ಶನಿವಾರ ಲಾರಿ ಬಂದಿತ್ತು, ಮಾಲ ಇಳಿಸಾಕತ್ತಿದ್ದೆ, ಆವಾಗ ವಸೀಮಣ್ಣ..."

"ಅದು ಈಗ ಬಿಡಪಾ," ಎಂದೆ. "ಮೊದಲ ಕಂಪ್ಲೇಂಟಿನಾಗ ಬೆಲೆ ಎಷ್ಟು ಬರ್ದಾರ ಅದು ಹೇಳು."

"ಐದು ಸಾವಿರದಾ ಆರ್ನೂರು," ಎಂದ.

ನನ್ನ ತಲೆಯಲ್ಲಿ ಆಗ ಇದ್ದದ್ದು ಐದು ಶಿಲ್ಲಿಂಗು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ. ಆರುನೂರು ಇಳಿಸಿದರೆ ಸಾಲದು, ಅದಕ್ಕಿಂತ ಸ್ವಲ್ಪ ಹೆಚ್ಚೇ ಇಳಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಮೊದಲು ಠಾಣೆಗೆ ಹೋದೆವು. ಹವಾಲ್ದಾರ್ ಮಹಾರುದ್ರಪ್ಪನವರು ನನ್ನ ಹಳೆಯ ಪರಿಚಯ. ಅವರ ಮಗಳ ಸ್ಕಾಲರ್‌ಶಿಪ್ ಅರ್ಜಿ ನಾನೇ ತುಂಬಿದ್ದೆ. ಗಯಾಬಾಯಿ ಹೊಸ್ತಿಲಾಚೆಯೇ ನಿಂತಳು. ಅವಳ ಅಣ್ಣನನ್ನು ಎಂದೋ ಒಂದು ಕಾಲಕ್ಕೆ ಇದೇ ಥರದ ಒಂದು ಕೋಣೆಯಲ್ಲಿ ಮೂರು ದಿನ ಕೂಡಿಸಿ ಹೊಡೆದಿದ್ದರಂತೆ.

"ಒಳಗ ಬಾ ಆಯಿ, ಹೊಡಿಯಂಗಿಲ್ಲ," ಎಂದರು ಮಹಾರುದ್ರಪ್ಪ. "ಈಗ ಹೊಡಿಯೂ ಜಮಾನಾ ಹೋತು. ಮ್ಯಾಲ ಕ್ಯಾಮೆರಾ ಅದ ನೋಡು. ಈಗ ಬರೀ ಬರಿಯೂದು. ಮೂವತ್ತು ವರ್ಷ ಮುನ್ನೂರಾ ಎಪ್ಪತ್ತೊಂಬತ್ತು ಅಂದ್ರ ಕಳವು. ನನ್ನ ಹೆಂಡತಿಗೂ ಬಾಯಿಪಾಠ ಇತ್ತು. ಈಗ ಮುನ್ನೂರಾ ಮೂರು ಅಂತ. ರಿಟೈರ್ ಆಗಾಕ ಒಂದು ವರ್ಷ ಇರಾಗ ಮತ್ತ ಒಂದನೇ ಕ್ಲಾಸ ಕಲಿ ಅಂದಂಗಾಗ್ಯದ."

ನಾನು ಬೆಲೆಯ ಮಾತೆತ್ತಿದೆ. ಐದು ಸಾವಿರದೊಳಗೆ ಬಂದರೆ ಬೇರೆ ದಾರಿ ಎಂದೆ. ಚೀಲದಿಂದ ಆ ಪುಟ ತೆಗೆದು ತೋರಿಸಿದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಏನ್ ರತ್ನಮಾಲಾಬಾಯಿ, ಕರಿ ಕೋಟ್ ಯಾವಾಗ ಹೊಲಿಸಾಕತ್ತೀರಿ? ನನಗೇನು, ದುಕಾನದವ್ರು ಬಿಲ್ ತಂದು ಏನ್ ಬರ್ಸಿದ್ರ ಅದ ಬರಿತೀನಿ."

ಸೇಠರ ಅಂಗಡಿಗೆ ಹೋದೆವು. ಜಹೀರುದ್ದೀನ್ ಸೇಠರಿಗೆ ಎಪ್ಪತ್ತರ ಹತ್ತಿರ. ಕುರ್ಚಿ ತರಿಸಿ ಕೂಡಿಸಿದರು. ಅಜೀತ ಹೊರಗೆ ಕೊಳವೆಗಳ ರಾಶಿಯ ಪಕ್ಕ ನಿಂತ. ವಸೀಮ್ ನಮ್ಮನ್ನು ನೋಡಿ ಎದ್ದು ಗೋದಾಮಿಗೆ ಹೋದ. ಯಾಕೆ ಹೋದ ಎಂದು ಆಗ ನಾನು ಯೋಚಿಸಲಿಲ್ಲ.

"ಬೇಟಿ, ವಸೀಮ್ ಅವಸರ ಮಾಡ್ದ," ಎಂದರು ಸೇಠ್. "ಠಾಣಾ ಗೀಣಾ ಎದಕ್ಕ ಬೇಕಿತ್ತು? ಮುಕ್ತಾಬಾಯಿ ಮಗ. ನಾ ಕೋರ್ಟಿಗೆ ಬಂದು ರಾಜಿ ಆಗ್ಯದ, ನಂದೇನೂ ತಕರಾರಿಲ್ಲ ಅಂತ ಬರ್ದು ಕೊಡ್ತೀನಿ. ಹುಡುಗ ಶುಕ್ರವಾರ ನಮಾಜ್ ಆದ ಮ್ಯಾಲ ಇಲ್ಲಿ ಬರ್ಲಿ, ಬಾಜೂ ದುಕಾನದವ್ರು ನಾಲ್ಕು ಮಂದಿ ಇರ್ತಾರ, ಅವ್ರ ಮುಂದ ಮಾಫಿ ಕೇಳ್ಲಿ. ಮಾಮಲಾ ಖತಂ."

ಗಯಾಬಾಯಿ ಕೂಡಲೇ ಎದ್ದಳು. "ಕೇಳ್ತಾನ ಸೇಠ್, ಯಾಕ್ ಕೇಳಂಗಿಲ್ಲ. ಕಾಲ ಹಿಡ್ದು ಕೇಳ್ತಾನ."

ನನಗೆ ಮೈ ಉರಿಯಿತು. ಸೇಠರ ಮೇಲಲ್ಲ, ಅವರು ತಿಳಿದ ಮಟ್ಟಿಗೆ ಒಳ್ಳೆಯ ಮಾತನ್ನೇ ಆಡಿದ್ದರು. ನಮ್ಮವರು ಕಾಲು ಹಿಡಿಯುವುದು ಕಂಡರೆ ನನಗೆ ತಡೆಯಲಾಗುವುದಿಲ್ಲ. ನಾಲ್ಕು ಅಂಗಡಿಯವರ ಮುಂದೆ ಹುಡುಗ ಕೈ ಮುಗಿದು ನಿಲ್ಲುವುದೆಂದರೆ ನನ್ನ ಕಣ್ಣಿಗೆ ಆ ಹಲಗೆಯೇ, ಕುತ್ತಿಗೆ ಸಿಕ್ಕಿಸಿ ನಿಲ್ಲಿಸುವ ಹಲಗೆಯೇ ಕಂಡಿತು. ಇಂಗ್ಲೆಂಡಿನವರೇ ಇನ್ನೂರು ವರ್ಷದ ಹಿಂದೆ ಬಿಟ್ಟದ್ದನ್ನು ನಾವು ಹಾರ್ಡ್‌ವೇರ್ ಅಂಗಡಿಯ ಮುಂದೆ ಮಾಡಬೇಕೆ?

"ಕಾಲ ಹಿಡಿಯೂದು ಬ್ಯಾಡ ಆಯಿ," ಎಂದೆ. "ಕಾನೂನು ಬದಲಾಗ್ಯದ. ಕೋರ್ಟಿನಾಗ ಒಂದು ಮಾತು ಹೌದು ಅಂದ್ರ ಮುಗೀತು. ಜೈಲಿಲ್ಲ, ದಂಡಿಲ್ಲ. ನಾಲ್ಕು ದಿನ ಊರ ಕೆಲಸ. ಯಾರ ಮುಂದೂ ತಲಿ ಬಗ್ಗಿಸೂದಿಲ್ಲ."

"ರಾಜಿ ಚಲೋ ಅಲ್ಲೇನು ಬೇಟಿ?" ಎಂದರು ಸೇಠ್.

"ರಾಜಿ ಅಂದ್ರ ನಿಮ್ಮ ದಯೆ ಸೇಠ್. ಇದು ಕಾನೂನು," ಎಂದೆ. ಈ ಮಾತನ್ನು ನಾನು ಆಡಿದ ಧ್ವನಿ ನನಗೆ ಈಗಲೂ ನೆನಪಿದೆ. ಇಂಥ ಧ್ವನಿಯಲ್ಲಿ ನಾನು ಅದಕ್ಕೂ ಮೊದಲು ಯಾರೊಂದಿಗೂ ಮಾತಾಡಿರಲಿಲ್ಲ. "ನಿಮ್ಮಿಂದ ಒಂದ ಆಗಬೇಕು. ಐದು ಸಾವಿರದಾ ಆರ್ನೂರು ನೀವು ಮಾರೂ ಬೆಲೆ. ನಿಮಗ ಬಿದ್ದ ಬೆಲೆ ಹಾಕ್ರಿ."

ಸೇಠ್ ಬಿಲ್ಲಿನ ಫೈಲು ತರಿಸಿದರು. ಅವರಿಗೆ ಬಿದ್ದ ಬೆಲೆ ನಾಲ್ಕು ಸಾವಿರದ ಏಳುನೂರು. "ಹುಡುಗ ಉಳೀತಾನಂದ್ರ ಏನರ ಬರೀರಿ," ಎಂದು ಸಹಿ ಮಾಡಿದರು. ನಾಲ್ಕು ಶಿಲ್ಲಿಂಗು ಹತ್ತು ಪೆನ್ನಿ. ಆ ಕ್ಷಣ ನನಗೆ, ಸಂಜೆ ಕಾಲೇಜಿನ ಬೆಂಚಿನ ಮೇಲೆ ಕೂತು ಕಳೆದ ಮೂರು ವರ್ಷ ಇದಕ್ಕಾಗಿಯೇ ಇತ್ತು ಎನಿಸಿತು.

ಹೊರಗೆ ಬಂದಾಗ ಅಜೀತ ಕೇಳಿದ: "ಒಪ್ಕೋಬೇಕೇನು ಅಕ್ಕ?"

"ಹೂಂ. ಒಪ್ಕೊಂಡ್ರ ಹಗುರ ಆಗ್ತದ."

"ನೌಕರಿಗೆ ಏನೂ ಆಗಂಗಿಲ್ಲಲ್ಲ?"

ಅವನು ಕೇಳಿದ. ಇದನ್ನು ಬಿಟ್ಟು ಬರೆಯಬಹುದಿತ್ತು, ಬಿಡುವುದಿಲ್ಲ. ಕೇಳಿದ, ಮತ್ತು ನಾನು "ಏನೂ ಆಗಂಗಿಲ್ಲ, ಇದು ಶಿಕ್ಷಾನೇ ಅಲ್ಲ, ಸೇವಾ" ಎಂದೆ. ಯಾರನ್ನೂ ವಿಚಾರಿಸದೆ, ಯಾವ ಪುಟವನ್ನೂ ತಿರುಗಿಸಿ ನೋಡದೆ ಹೇಳಿದೆ. ಪುಸ್ತಕದಲ್ಲಿ ಅದು ಶಿಕ್ಷೆಗಳ ಪಟ್ಟಿಯ ಕೊನೆಗೆ ಇತ್ತು, ಅಷ್ಟು ಕೆಳಗಿರುವುದು ಶಿಕ್ಷೆಯಲ್ಲ ಎಂದು ಹೇಗೋ ನಂಬಿಬಿಟ್ಟಿದ್ದೆ.

ಅಂಬಾದಾಸ ವಕೀಲರು ಫೀಸಿಲ್ಲದೆ ನಿಂತರು. ಹುಡುಗ ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಹೇಳಿದೆ. ಕಚೇರಿಯಲ್ಲಿ ನೌಕರಿಯ ಅರ್ಜಿಯಿದೆ ಎಂದು ಅವರಿಗೆ ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ. ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯಲೇ ಇಲ್ಲ.

ಕೋರ್ಟಿನಲ್ಲಿ ಎಲ್ಲ ಸೇರಿ ಹತ್ತು ನಿಮಿಷ. ನ್ಯಾಯಾಧೀಶರು ಚಿಕ್ಕ ವಯಸ್ಸಿನವರು, ಮೃದುವಾಗಿ ಮಾತಾಡಿದರು. ನಿನ್ನ ಮೇಲೆ ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಒಪ್ಪಿಕೊಂಡರೆ ಶಿಕ್ಷೆಯಾಗುತ್ತದೆಂದು ಗೊತ್ತಿದೆಯೇ ಎಂದು ಎರಡೆರಡು ಸಲ ಕೇಳಿದರು. ‘ಶಿಕ್ಷೆ’ ಎಂದೇ ಅಂದರು. ಅಜೀತ ಬಾಗಿಲ ಕಡೆ ತಿರುಗಿದ. ಅಲ್ಲಿ ನಾನು ನಿಂತಿದ್ದೆ. ತಲೆಯಾಡಿಸಿದೆ.

"ಯಾರೂ ಮಾಡಿಲ್ರಿ," ಎಂದ. "ಒಪ್ಕೋತೀನ್ರಿ."

ಹದಿನೈದು ದಿನ, ಬೆಳಿಗ್ಗೆ ಎರಡು ತಾಸು ಬಸ್ ನಿಲ್ದಾಣದ ಮುಂದಿನ ರಸ್ತೆ ಸ್ವಚ್ಛ ಮಾಡುವುದು. ಸಂಬಳವಿಲ್ಲ. ಪೌರಕಾರ್ಮಿಕರ ಮೇಸ್ತ್ರಿ ಹಾಜರಿ ತೆಗೆದುಕೊಳ್ಳಬೇಕು.

ಬೇರೇನಾದರೂ ಕೆಲಸ ಕೊಡಬಹುದಿತ್ತಲ್ಲ, ಶಾಲೆಗೆ ಬಣ್ಣ, ಗಿಡ ನೆಡುವುದು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು ಎಂದು ನನಗೆ ಹೊಳೆದದ್ದು ಆ ಸಂಜೆ ಬಸ್ಸಿನಲ್ಲಿ. ಬಹುಶಃ ಯಾರಿಗೂ ಬೇರೆ ಹೊಳೆದಿರಲಿಕ್ಕಿಲ್ಲ. ಹುಡುಗನ ವಿಳಾಸ ಕಡತದಲ್ಲಿತ್ತು, ತಾಯಿಯ ಉದ್ಯೋಗವೂ ಇತ್ತು.

ಮೂರನೇ ದಿನ ಮೊದಲ ಬಸ್ಸಿಗೆ ಬಂದೆ. ಅವನು ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಉದ್ದ ಕಸಬರಿಗೆ ಹಿಡಿದು ಗುಡಿಸುತ್ತಿದ್ದ. ಈಚಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಇಂಥ ಸೇವೆ ಮಾಡುವವರಿಗೆ ಕಿತ್ತಳೆ ಜಾಕೀಟು ತೊಡಿಸುತ್ತಾರಂತೆ, ಇವರು ಶಿಕ್ಷೆ ಅನುಭವಿಸುತ್ತಿದ್ದಾರೆಂದು ಜನರಿಗೆ ಕಾಣಲಿ ಎಂದು. ನಮ್ಮಲ್ಲಿ ಆ ಜಾಕೀಟು ಕೆಲಸದವರದೇ. ಹಾಗಾಗಿ ಶಿಕ್ಷೆ ಯಾರಿಗೂ ಕಾಣಲಿಲ್ಲ. ಜನ ಕಂಡದ್ದು ಬೇರೆ.

ಚಹಾ ಅಂಗಡಿಯ ಸಾಜಿದ ದೂರದಿಂದಲೇ ಕೂಗಿದ: "ಅರೆ ಅಜೀತ್! ಅಮ್ಮಾನ ನೌಕರಿ ಸಿಕ್ತೇನು? ಹೇಳಾಕ ಬ್ಯಾಡೇನೋ? ಪೇಢಾ ಎಲ್ಲಿ?"

ಅಜೀತ ಕಸಬರಿಗೆ ನಿಲ್ಲಿಸಲಿಲ್ಲ. "ಸಿಕ್ತು ಭಾಯಿ. ಪೇಢಾ ಪಗಾರ ಆದ ಮ್ಯಾಲ."

"ಕಂಜೂಸ್! ಸರಕಾರಿ ಆದ ಕೂಡ್ಲೆ ಕೈ ಮುಚ್ಚಿದಿ ನೋಡು. ಬಾ, ಚಹಾ ನಂದ ಇವತ್ತ."

ಬೇಮಳಖೇಡದ ಕಡೆಯಿಂದ ಬಂದ ಬಸ್ಸಿನಿಂದ ಇಳಿದ ಯಾರೋ ಸಂಬಂಧಿಕರು ಅವನ ಬೆನ್ನು ತಟ್ಟಿ, ಇನ್ನು ಹೆಣ್ಣು ನೋಡಬೇಕಪ್ಪಾ ಎಂದು ನಕ್ಕು ಹೋದರು. ಅವನು ಎಲ್ಲರಿಗೂ ಹೌದು ಹೌದು ಎನ್ನುತ್ತಿದ್ದ. ನನ್ನನ್ನು ನೋಡಿದ, ನೋಡದವನಂತೆ ಮುಂದೆ ಗುಡಿಸಿಕೊಂಡು ಹೋದ.

ಪಕ್ಕದ ರಸ್ತೆಯಲ್ಲಿ ಗಿರಿಜಾಬಾಯಿ ಗುಡಿಸುತ್ತಿದ್ದಳು, ಮುಕ್ತಾಬಾಯಿಯ ಜೋಡಿ ಕೆಲಸ ಮಾಡಿದವಳು. ಅವಳಿಗೆ ಮಾತ್ರ ನಿಜ ಗೊತ್ತಿತ್ತು, ಮೇಸ್ತ್ರಿ ಹೇಳಿದ್ದ. ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು.

"ಹುಡುಗನಿಗೆ ಹದಿನೈದು ದಿನ ಸಜಾ ಅಂತಲ್ಲ ಟೈಪಿಂಗ್ ಬಾಯಿ?"

"ಸಜಾ ಅಲ್ಲ ಗಿರಿಜಕ್ಕ, ಸೇವಾ ಅಂತ ಅದಕ್ಕ..."

"ಏನರ ಅನ್ರಿ. ನಾ ಇಪ್ಪತ್ತೆರಡು ವರ್ಷದಿಂದ ಇದ ಮಾಡಾಕತ್ತೇನಿ. ನಂದು ಏನ್ ಗುನ್ಹಾ ಅಂತ ನಿಮ್ಮ ಪುಸ್ತಕದಾಗ ನೋಡಿ ಹೇಳ್ರಿ. ಹದಿನೈದು ದಿನಕ್ಕ ಅವನು ಬಿಡ್ತಾನ. ನನಗ ಯಾವ ಜಜ್ಜ ಬಿಡ್ತಾನ?"

ಸುತ್ತ ಇದ್ದ ಹೆಂಗಸರು ನಕ್ಕರು. ನಾನೂ ನಕ್ಕೆ, ಅದೂ ತಪ್ಪಾಯಿತು.

ಹದಿನೈದು ದಿನ ಅವನು ಒಂದು ದಿನವೂ ತಪ್ಪಿಸಲಿಲ್ಲ. ‘ಕೆಲಸ ಅತ್ಯುತ್ತಮ’ ಎಂದು ಮೇಸ್ತ್ರಿ ವರದಿ ಬರೆದ. ಆ ವರದಿಯನ್ನೂ ನಾನೇ ಟೈಪ್ ಮಾಡಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ದೊಡ್ಡ ಉಪಕಾರ ಮಾಡಿದಂತೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಜೀತ ಲಕೋಟೆ ತಂದು ನನ್ನ ಮೇಜಿನ ಮೇಲಿಟ್ಟ. "ಓದ್ರಿ," ಎಂದ. ಅವನಿಗೆ ಓದಲು ಬರುತ್ತದೆ. ನಾನು ಜೋರಾಗಿ ಓದಲಿ ಎಂಬುದು ಅವನ ಇಚ್ಛೆಯಾಗಿತ್ತು. ಓದಿದೆ. ಪೊಲೀಸ್ ಪರಿಶೀಲನಾ ವರದಿಯಂತೆ ಅರ್ಜಿದಾರನು ಕಳವು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಮೇರೆಗೆ ಶಿಕ್ಷೆಗೊಳಗಾಗಿರುವುದು ಕಂಡುಬಂದಿರುವುದರಿಂದ, ಸದರಿ ಅಪರಾಧವು ನೈತಿಕ ಅಧಃಪತನಕ್ಕೆ ಸಂಬಂಧಿಸಿದ್ದಾಗಿರುವುದರಿಂದ, ಪೌರಕಾರ್ಮಿಕ ಹುದ್ದೆಗೆ ಅನುಕಂಪದ ನೇಮಕಾತಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

"ಮತ್ತೊಮ್ಮೆ ಆ ಸಾಲು ಓದ್ರಿ," ಎಂದ.

"ಯಾವುದು?"

"ತಪ್ಪೊಪ್ಕೊಂಡದ್ದು."

ಓದಿದೆ. ಅವನು ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ರಸ್ತಾದ ಕಸಾ ಹೊಡ್ದು ತೋರ್ಸಿದೆ ಅಕ್ಕ. ಹದಿನೈದು ದಿನ. ಈಗ ರಸ್ತಾ ಹೊಡಿಯೋ ಯೋಗ್ಯತಾ ಇಲ್ಲ ಅಂತ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವನಿಂದ ಆ ಕಾಗದ ಇಸಿದುಕೊಂಡು ಅಂಬಾದಾಸ ವಕೀಲರ ಹತ್ತಿರ ಓಡಿದೆ. ಅವರು ಓದಿ, ಕಾಗದವನ್ನು ಮೇಜಿನ ಮೇಲೆ ಒಗೆದರು.

"ನೌಕರಿ ಅರ್ಜಿ ಅದ ಅಂತ ಯಾಕ ಹೇಳಲಿಲ್ರಿ ನೀವು?"

"ಇದಕ್ಕ ಅಪೀಲು ಹಾಕಬಹುದಲ್ಲರಿ ಸರ್?"

"ತಾನ ಹೌದು ಅಂದವನಿಗೆ ಎಲ್ಲಿ ಅಪೀಲು? ಸೇಠ್ ರಾಜಿಗೆ ತಯಾರಿದ್ದ ಅಂತ ಈಗ ಕೇಳಾಕತ್ತೇನಿ. ರಾಜಿ ಆಗಿದ್ರ ಖುಲಾಸೆ ಆದಂಗ. ಕಾಗದದ ಮ್ಯಾಲ ಒಂದು ಚುಕ್ಕಿ ಇರ್ತಿರಲಿಲ್ಲ. ಅದಕ್ಕ ಯಾರು ಬ್ಯಾಡ ಅಂದ್ರು?"

"ನಾನ ಬ್ಯಾಡ ಅಂದೆ," ಎಂದೆ. ಅವರು ಫೈಲು ಕಟ್ಟತೊಡಗಿದರು. ಆಮೇಲೆ, "ಟೈಪ್ ಮಾಡೂದು ಅಷ್ಟ ಮಾಡ್ರಿ ಬಾಯಿ," ಎಂದರು.

ಮೇಲಿನ ಕಚೇರಿಗೆ ಮೂರು ಮನವಿ ಬರೆದೆವು. ಮೇಸ್ತ್ರಿಯ ‘ಅತ್ಯುತ್ತಮ’ ವರದಿ ಲಗತ್ತಿಸಿದೆವು. ಸೇಠರು ತಾವೇ ಬಂದು, ಹುಡುಗ ಒಳ್ಳೆಯವನು ಎಂದು ಬರೆದುಕೊಟ್ಟರು. ನಿಯಮದಲ್ಲಿ ಅವಕಾಶವಿಲ್ಲ ಎಂದು ಎರಡಕ್ಕೆ ಉತ್ತರ ಬಂತು, ಮೂರನೆಯದಕ್ಕೆ ಬರಲಿಲ್ಲ. ಗಯಾಬಾಯಿ ನನ್ನನ್ನು ಕಂಡರೆ ಈಗಲೂ ಕೈ ಮುಗಿಯುತ್ತಾಳೆ. ಅವಳಿಗೆ ಒಂದು ಕಣ್ಣು ಪೂರ್ತಿ ಕಾಣುವುದಿಲ್ಲ, ನಾನೆಂದು ಗೊತ್ತಾಗಿ ಮುಗಿಯುತ್ತಾಳೋ ಯಾರೋ ದೊಡ್ಡವರೆಂದು ಮುಗಿಯುತ್ತಾಳೋ ತಿಳಿಯದು.

ಈಗ ಅಜೀತ ಕಸದ ಗಾಡಿಯ ಗುತ್ತಿಗೆದಾರನ ಕೈಕೆಳಗೆ ಇದ್ದಾನೆ. ಗುತ್ತಿಗೆದಾರ ಪೊಲೀಸ್ ವರದಿ ಕೇಳುವುದಿಲ್ಲ. ಹೆಸರು ಯಾವ ಹಾಜರಿಯಲ್ಲೂ ಇಲ್ಲ, ಸಂಬಳ ಕಾಯಂ ಆದವರ ಮೂರನೇ ಒಂದು ಪಾಲು. ಬೆಳಿಗ್ಗೆ ಗುಡಿಸುವುದು ಕೋರ್ಟಿನ ರಸ್ತೆ. ನನ್ನ ಅಂಗಡಿಯ ಮುಂದೆ ಬಂದಾಗ ನಾನು ಚಹಾಕ್ಕೆ ಕರೆಯುತ್ತೇನೆ. "ಆತ್ರಿ ಅಕ್ಕ, ಕುಡ್ದು ಬಂದೀನಿ," ಎಂದು ಹೋಗುತ್ತಾನೆ. ಜನಕ್ಕೆ ಅವನು ಇನ್ನೂ ಸರಕಾರಿ ನೌಕರನೇ. ಸಾಜಿದ ಪೇಢಾ ಕೇಳುವುದನ್ನು ಬಿಟ್ಟಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ವಸೀಮ್ ಈಚೆಗೆ ಸೇಠರ ಜೊತೆ ಜಗಳವಾಡಿ ಅಂಗಡಿ ಬಿಟ್ಟು ಹೈದರಾಬಾದಿಗೆ ಹೋದನಂತೆ. ಗೋದಾಮಿನ ಮಾಲಿನ ವಿಷಯಕ್ಕೆ ಎಂದು ಕೆಲವರು, ಮದುವೆಯ ವಿಷಯಕ್ಕೆ ಎಂದು ಕೆಲವರು. ಸೇಠರನ್ನು ಕೇಳುವ ಧೈರ್ಯ ನನಗಿಲ್ಲ. ಅಜೀತನನ್ನು ಕೇಳುವ ಧೈರ್ಯವಂತೂ ಇಲ್ಲವೇ ಇಲ್ಲ. ಅಂದು ಅವನು ಹೇಳಲು ಬಂದ ಮಾತನ್ನು ನಾನು ತಡೆದೆ. ಆಮೇಲೆ ಠಾಣೆಯಲ್ಲಿ, ಕೋರ್ಟಿನಲ್ಲಿ, ವಕೀಲರ ಕೋಣೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಒಪ್ಪಿಕೊಳ್ಳುತ್ತಾನೆ ಎಂದ ಮೇಲೆ ಕೇಳುವುದೇನಿದೆ? ಕೆಲವು ಸಲ, ಅವನು ನಿಜವಾಗಿ ಕದ್ದಿರಲಿ ಎಂದು ಮನಸ್ಸು ಬಯಸುತ್ತದೆ. ಕದ್ದಿದ್ದರೆ ನನ್ನ ತಪ್ಪು ಸ್ವಲ್ಪ ಹಗುರವಾಗುತ್ತದೆ. ಅವನ ಬಗ್ಗೆ ನಾನು ಬಯಸುವುದು ಇದನ್ನೇ ಎಂಬುದು ನನಗೆ ಗೊತ್ತು.

ಆ ಮೋಟರು ಅವನ ಮಂಚದ ಕೆಳಗೆ ಹೇಗೆ ಬಂತು ಎಂಬುದು ನನಗೆ ಗೊತ್ತಿಲ್ಲ. ಅವನು ಅದನ್ನು ಕದ್ದಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.